ಕಟ್ಟಿದನೋ, ಕಟ್ಟಿಸಿದನೋ?

ಸೀನ ತನ್ನ ಫೋನನ್ನು ನಮ್ಮ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. "ನೋಡ್ರಪ್ಪಾ ಮನೇನ! ಅಮೆರಿಕದ ಲೂಸಿಯಾನಾದಲ್ಲಿದೆ, ಮಿಸಿಸಿಪ್ಪಿ ನದಿ ಪಕ್ಕ. ಓಕ್ ಆಲಿ ಅಂತ. 1837ರಲ್ಲಿ ಜಾಕ್ ರೋಮನ್ ಅನ್ನೋ ಕಬ್ಬಿನ ತೋಟದ ಸಾಹುಕಾರ ಶುರು ಮಾಡಿ 1839ರಲ್ಲಿ ಮುಗಿಸಿದ."

"ಹೆಸರು ರೋಮನ್, ಕಂಬ ಗ್ರೀಕ್ ಶೈಲಿ, ಮನೆಮಾತು ಫ್ರೆಂಚ್," ಅಂದ ಮೂರ್ತಿ. "ಯಾರಿಗೂ ಬೇಜಾರಾಗದ ಹಾಗೆ ನೋಡಿಕೊಂಡಿದ್ದಾನೆ."

"ತಮಾಷೆ ಸಾಕು. ನಾಲ್ಕೂ ಕಡೆ ಸೇರಿ 28 ಕಂಬ. ಎದುರಿಗೆ ಎರಡು ಸಾಲು ಓಕ್ ಮರ, ಅವೂ 28!"

"ಎಣಿಸಿ ನೆಡಿಸಿದನಾ?"

"ಇಲ್ಲ, ಮರಗಳು ಎಷ್ಟೋ ಹಳೆಯವು. ಮನೆ ಆಮೇಲೆ ಬಂದು ಹಿಂದೆ ನಿಂತಿತು."

"ಗ್ರೂಪ್ ಫೋಟೋದಲ್ಲಿ ನೀನು ನಿಲ್ಲೋ ಹಾಗೆ," ಅಂದಳು ಪದ್ದಿ.

ಸೀನ ಕೇಳಿಸಿಕೊಳ್ಳಲಿಲ್ಲ. "ಸುತ್ತ ಅಗಲವಾದ ಜಗುಲಿ, ಗೋಡೆಗೆ ಬಿಸಿಲು ತಾಗಲ್ಲ. ಗೋಡೆನೋ, 16 ಅಂಗುಲ ದಪ್ಪ. ಬಾಗಿಲು ಕಿಟಕಿ ಎದುರುಬದುರು. ನದಿ ಗಾಳಿ ಈ ಕಡೆ ನುಗ್ಗಿ ಆ ಕಡೆ ಹೋಗುತ್ತೆ. ಕಂಬ ಕಲ್ಲಿಂದು ಅಂದುಕೊಂಡ್ಯಾ? ಇಟ್ಟಿಗೆ! ಮೇಲೆ ಗಾರೆ. ಎಷ್ಟು ಚೆನ್ನಾಗಿ ಕಟ್ಟಿದ್ದಾನೆ ರೋಮನ್!"

"ಕಟ್ಟಿದನೋ, ಕಟ್ಟಿಸಿದನೋ?"

"ಒಂದು ಅಕ್ಷರಕ್ಕೆ ಜಗಳ ಯಾಕೆ ಪದ್ದಿ?"

"ಆ ಒಂದು 'ಸಿ' ಒಳಗೇ ಎಲ್ಲರೂ ಇದ್ದಾರೆ ಕಣೋ. ಇಟ್ಟಿಗೆ ಹೊತ್ತವರು, ಕಬ್ಬು ಕಡಿದವರು, ಎಲ್ಲ ಗುಲಾಮರು. ಊಟದ ಮೇಜಿನ ಮೇಲೆ ದೊಡ್ಡ ತೂಗುಬೀಸಣಿಗೆ ಇದೆ ಅಲ್ವಾ? ಅದರ ಹಗ್ಗ ಎಳೆಯೋಕೂ ಒಬ್ಬ ಗುಲಾಮ. ನಿನ್ನ ಗಾಳಿ ಲೆಕ್ಕದಲ್ಲಿ ಅವನು ಬರಲೇ ಇಲ್ಲ."

ಸೀನ ಫೋನನ್ನು ಸ್ವಲ್ಪ ಕೆಳಗಿಳಿಸಿದ.

"ಅಲ್ಲಿ ನಿಜವಾಗಿ ಕಟ್ಟಿದವನೊಬ್ಬ ಇದ್ದ," ಅಂದೆ ನಾನು. "ಆಂಟ್ವಾನ್ ಅಂತ ತೋಟಗಾರ. ಅವನೂ ಗುಲಾಮನೇ. 1846-47ರ ಚಳಿಗಾಲದಲ್ಲಿ, ಅಕ್ರೋಟ್ ಥರದ ಕಾಯಿ ಬಿಡೋ ಪೆಕಾನ್ ಮರಗಳಿಗೆ ಕಸಿ ಕಟ್ಟಿದ. ಆ ತಳಿಗೆ 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದಲ್ಲಿ ಬಹುಮಾನ ಬಂತು."

"ತಳಿಗೆ ಅವನ ಹೆಸರೇ ಇಟ್ಟರಾ?"

"ಪ್ರದರ್ಶನದ ಹೆಸರಿಟ್ಟರು. ಸೆಂಟೆನಿಯಲ್ ಅಂತ."

ಯಾರೂ ಮಾತಾಡಲಿಲ್ಲ. ಸೀನ ಮಾತ್ರ ಸ್ಟೇಟಸ್‌ಗೆ ಹಾಕಿದ್ದ 'ರೋಮನ್ ಕಟ್ಟಿದ ಮನೆ' ಅನ್ನೋದನ್ನು ತಿದ್ದುತ್ತಿದ್ದ. ಆತುರದಲ್ಲಿ 'ಕಟ್ಟಿಸಿಸಿದ' ಅಂತಾಯಿತು.

"ಒಂದು 'ಸಿ' ಜಾಸ್ತಿ ಆಯ್ತಲ್ಲೋ," ಅಂದೆ.

"ಇರಲಿ ಬಿಡು," ಅಂದ ಮೂರ್ತಿ. "ಸಾಹುಕಾರ ಗುತ್ತಿಗೆದಾರನಿಗೆ ಹೇಳಿದ, ಗುತ್ತಿಗೆದಾರ ಗುಲಾಮರಿಗೆ ಹೇಳಿದ. ಲೆಕ್ಕ ಸರಿಯಾಗೇ ಇದೆ."