ಬೋಟಿನ ತಳಕ್ಕೆ ಸಿಲಿಕೋನ್ ಬಳಿದರೆ ಚಿಪ್ಪು ಅಂಟಲ್ವಾ?

ಪ್ರಶ್ನೆ: ನಮಸ್ಕಾರ ಸಾರ್. ನಾನು ಮಂಡ್ಯದವನು, ಸಮುದ್ರ ನೋಡಿದ್ದೇ ಎರಡು ಸಲ. ನಮ್ಮ ಭಾವ ಮಲ್ಪೆಯಲ್ಲಿ ಒಂದು ಟ್ರಾಲ್ ಬೋಟಿಗೆ ಪಾಲು ಹಾಕಿದ್ದಾರೆ. ವರ್ಷಾ ವರ್ಷಾ ತಳಕ್ಕೆ ಅಂಟಿ ಬೆಳೆದ ಚಿಪ್ಪುಪ್ರಾಣಿಗಳನ್ನು ಕೆರೆಸಿ ತಾಮ್ರದ ಪೇಂಟ್ ಹೊಡೆಸೋ ಖರ್ಚು. ಸಿಲಿಕೋನ್ ಹಾಕಿದರೆ ಏನೂ ಅಂಟುವುದೇ ಇಲ್ಲ ಅಂತ ಯಾರೋ ಹೇಳಿದರಂತೆ. ಬಾತ್‌ರೂಮ್ ಸಂದಿಗೆ ಹಾಕ್ತಾರಲ್ಲ, ಆ ಟ್ಯೂಬನ್ನೇ ಬಳಿದರೆ ಆಗಲ್ವಾ?

ಉತ್ತರ (ಮೈಸೂರು, ಹಡಗಿನ ಪೇಂಟ್ ಕೆಲಸದಿಂದ ನಿವೃತ್ತ): ಟ್ಯೂಬ್ ಮಾತ್ರ ಬೇಡ ಸ್ವಾಮಿ. ಅದು ಸಂದಿ ಮುಚ್ಚೋಕೆ ಇರೋ ಮಾಲು. ಹಡಗಿನದು ಬೇರೆ. ಕೆಳಗೆ ಎಪಾಕ್ಸಿ ಅನ್ನೋ ಗಟ್ಟಿ ಪೇಂಟ್, ಅದರ ಮೇಲೆ ಎರಡನ್ನೂ ಹಿಡಿದಿಡೋ ಟೈ ಕೋಟ್, ಆಮೇಲೆ ಸಿಲಿಕೋನ್. ನಡುವಿನ ಟೈ ಕೋಟ್ ಬಿಟ್ಟರೆ ಸಿಲಿಕೋನ್ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ, ಯಾಕಂದ್ರೆ ಚಿಪ್ಪು ಹಿಡಿಯದ ವಸ್ತು ಪೇಂಟನ್ನೂ ಹಿಡಿಯಲ್ಲ.

ಇನ್ನು "ಅಂಟುವುದೇ ಇಲ್ಲ" ಅನ್ನೋದು ಸುಳ್ಳು. ಅಂಟುತ್ತವೆ, ಬಿಗಿಯಾಗಿ ಕೂರಲ್ಲ ಅಷ್ಟೇ. ಹಳೇ ಪೇಂಟಿನ ಮೇಲೆ ಕೂತ ಬಾರ್ನಕಲ್ ಅನ್ನೋ ಚಿಪ್ಪುಪ್ರಾಣಿ ತೆಗೆಯೋಕೆ ಕೆರೆಯೋ ಪಟ್ಟಿ ಹಿಡಿದು ಒದ್ದಾಡುತ್ತಿದ್ದೆವು, ತೆಗೆದರೂ ಬಿಳಿ ಸುಣ್ಣದ ಬಿಲ್ಲೆ ಹಾಗೇ ಉಳಿಯುತ್ತಿತ್ತು. ಸಿಲಿಕೋನ್ ಮೇಲಿನದನ್ನು ಹೆಬ್ಬೆರಳಲ್ಲಿ ಪಕ್ಕಕ್ಕೆ ಒತ್ತಿದರೆ ಇಡೀ ಚಿಪ್ಪು ಟಪ್ ಅಂತ ಕಳಚಿಕೊಳ್ಳುತ್ತಿತ್ತು. ಸಿಲಿಕೋನ್ ರಬ್ಬರಿನ ಹಾಗೆ ಮೆತ್ತಗೆ. ಚಿಪ್ಪನ್ನು ಎಳೆದಾಗ ಕೆಳಗಿನ ಪದರ ಬಾಗುತ್ತದೆ, ಚಿಪ್ಪು ಅಂಚಿನಿಂದ ಬಿಡಿಸಿಕೊಂಡು ಬರುತ್ತದೆ. ತಾಮ್ರದ ಪೇಂಟ್ ವಿಷ ಬಿಟ್ಟು ಕೊಲ್ಲುತ್ತದೆ, ಇದು ಯಾರನ್ನೂ ಕೊಲ್ಲಲ್ಲ. ಹಿಂದೆ ಹೊಡೆಯುತ್ತಿದ್ದ ತವರ ಬೆರೆತ ಪೇಂಟಿನಿಂದ ಸಿಂಪಿಗಳ ಚಿಪ್ಪೇ ವಿಕಾರವಾಗುತ್ತಿತ್ತು, ಅದನ್ನು ನಿಷೇಧಿಸಿದ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಸಿಲಿಕೋನ್ ಕಡೆ ಜನ ತಿರುಗಿದ್ದಕ್ಕೆ ಅದೂ ಒಂದು ಕಾರಣ.

ಆದರೆ ಕಳಚಬೇಕಾದರೆ ನೀರು ತಳ ತಿಕ್ಕಬೇಕು. ಮೊದಮೊದಲ ಸಿಲಿಕೋನ್‌ಗಳಿಗೆ ಸುಮಾರು 15 ನಾಟ್ ವೇಗ ಬೇಕಿತ್ತು, ಅಂದರೆ ಗಂಟೆಗೆ 28 ಕಿ.ಮೀ. ಈಗಿನವು ಅದಕ್ಕಿಂತ ಕಡಿಮೆಗೂ ಆಗುತ್ತವೆ. ಬಲೆ ಎಳೆಯೋ ಬೋಟು ಮೂರ್ನಾಲ್ಕು ನಾಟಿನಲ್ಲಿ ತೆವಳುತ್ತದೆ. ಮೇಲಾಗಿ ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳು ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಉಜ್ಜಿದರೆ, ಹಗ್ಗ ತಾಗಿದರೆ ಸಿಲಿಕೋನ್ ಹರಿಯುತ್ತದೆ, ಹರಿದ ಜಾಗದಲ್ಲಿ ಚಿಪ್ಪು ಗಟ್ಟಿಯಾಗಿ ಕೂರುತ್ತದೆ. ಭಾವನಿಗೆ ತಾಮ್ರದ ಪೇಂಟೇ ಸರಿ ಅನ್ನಿ.

ಪ್ರಶ್ನೆ: ಹಂಗಾದ್ರೆ ನಮ್ಮ ವಿಶ್ವೇಶ್ವರಯ್ಯ ನಾಲೆ ಪಂಪಿನ ಫುಟ್‌ವಾಲ್ವ್ ಜರಡಿಗೆ ಹಾಕಬಹುದಾ? ಪಾಚಿ ಕಟ್ಟಿ ನೀರೇ ಏರಲ್ಲ.

ಉತ್ತರ: ಸಿಹಿನೀರಲ್ಲೂ ಹಾಕಿ ನೋಡಿದ್ದಾರೆ. ಅಮೆರಿಕದ ಕೊಲೊರಾಡೊ ನದಿಯ ಪಾರ್ಕರ್ ಅಣೆಕಟ್ಟಿನಲ್ಲಿ ಕ್ವಾಗಾ ಅನ್ನೋ ಸಣ್ಣ ಚಿಪ್ಪುಪ್ರಾಣಿಯ ಕಾಟಕ್ಕೆ ಪರೀಕ್ಷೆ ಮಾಡಿದರು. ಚಿಪ್ಪು ಬಿಡಿಸೋಕೆ ಸಿಲಿಕೋನ್ ಚೆನ್ನಾಗಿತ್ತು, ಕಸಕಡ್ಡಿ ಉಜ್ಜಿದರೆ ತಡೆಯಲಿಲ್ಲ. ನಿಮ್ಮದು ಚಿಪ್ಪಲ್ಲ, ಲೋಳೆ. ಸಿಲಿಕೋನ್ ಸೋಲುವುದೇ ಲೋಳೆಗೆ, ಅದು ಹಡಗಿನ ವೇಗಕ್ಕೂ ಜಗ್ಗಲ್ಲ. ಸುಮ್ನೆ ದುಡ್ಡು ದಂಡ. ಮೋಟಾರ್ ಆಫ್ ಮಾಡಿ ಜರಡಿ ಮೇಲೆತ್ತಿ, ಒಂದು ದಿನ ಬಿಸಿಲಿಗೆ ಇಡಿ, ತೆಂಗಿನ ನಾರಲ್ಲಿ ಉಜ್ಜಿ.

ಪ್ರಶ್ನೆ: ಸರಿ ಸಾರ್. ಭಾವ ಆಗಲೇ ಹನ್ನೆರಡು ಟ್ಯೂಬ್ ತಂದುಬಿಟ್ಟಿದ್ದಾರೆ...

ಉತ್ತರ: ವಾಪಸ್ ತಗೋತಾರಾ ಕೇಳಲಿ. ಇಲ್ಲದಿದ್ದರೆ ನೆಂಟರ ಬಾತ್‌ರೂಮುಗಳೆಲ್ಲ ಈ ವರ್ಷ ಸೋರಲ್ಲ.