ಮ್ಯಾಕ್ರೋ ಕಡತ ಉಳಿಸುವಾಗ ಪ್ರತಿ ಸಲವೂ ಒಪ್ಪಿಗೆ ಕೇಳುವುದನ್ನು ತಪ್ಪಿಸುವುದು ಹೇಗೆ?

ಮಲ್ಪೆಯ ಲೆಕ್ಕಿಗ:
ಮಾನ್ಯರೇ, ನಾನು ಮಲ್ಪೆ ಬಂದರಿನ ಬಳಿಯ ಐಸ್ ಪ್ಲಾಂಟ್ ಒಂದರಲ್ಲಿ ಲೆಕ್ಕ ಬರೆಯುವವನು. ನಮ್ಮಲ್ಲಿ ಐಸ್ ಒಯ್ಯುವ 46 ಬೋಟುಗಳ ಬಾಕಿ ಒಂದೇ ಎಕ್ಸೆಲ್ ಕಡತದಲ್ಲಿದೆ. ಸಂಜೆ ಮ್ಯಾಕ್ರೋ (ಎಕ್ಸೆಲ್ ಕೆಲಸಗಳನ್ನು ತಾನಾಗಿ ಮಾಡಿಸುವ ಆಜ್ಞೆಗಳ ಸರಣಿ) ಓಡಿಸಿದರೆ ಒಂದೊಂದು ಬೋಟಿನ ಹಾಳೆಯೂ ಆ ಬೋಟಿನ ಹೆಸರಿನ ಬೇರೆ ಕಡತವಾಗಿ ತಿಂಗಳ ಫೋಲ್ಡರಿನಲ್ಲಿ ‘ಸೇವ್‌ಆ್ಯಸ್’ ಆಗಿ ಮುಚ್ಚಿಕೊಳ್ಳುತ್ತದೆ. ನಿನ್ನೆಯ ಕಡತ ಅಲ್ಲೇ ಇರುವುದರಿಂದ, ‘ಈ ಹೆಸರಿನ ಕಡತ ಈಗಾಗಲೇ ಇದೆ, ಬದಲಾಯಿಸಬೇಕೇ’ ಎಂದು ಎಕ್ಸೆಲ್ ಪ್ರತಿಯೊಂದಕ್ಕೂ ಕೇಳುತ್ತದೆ. ‘ಯೆಸ್’ ಒತ್ತುತ್ತಾ ಹೋಗುವಾಗ ಕೈತಪ್ಪಿ ‘ನೋ’ ಒತ್ತಿದರೆ 1004 ಎಂಬ ದೋಷ ಬಂದು ಮ್ಯಾಕ್ರೋ ಅರ್ಧಕ್ಕೇ ನಿಲ್ಲುತ್ತದೆ. ವಿಚಿತ್ರವೆಂದರೆ, ತಿಂಗಳ 1ರಂದು ಫೋಲ್ಡರ್ ಖಾಲಿ ಇದ್ದರೂ ಈ ಪ್ರಶ್ನೆ ಒಂದು ಸಲ ಬಂದೇ ಬರುತ್ತದೆ.

ಕದ್ರಿಯವ:
‘ಸೇವ್‌ಆ್ಯಸ್’ ಸಾಲಿನ ಮೊದಲು ‘ಅಪ್ಲಿಕೇಶನ್.ಡಿಸ್‌ಪ್ಲೇಅಲರ್ಟ್ಸ್ = ಫಾಲ್ಸ್’ ಎಂದೂ ಅದು ಮುಗಿದೊಡನೆ ‘ಟ್ರೂ’ ಎಂದೂ ಬರೆಯಿರಿ. ಆಗ ಎಕ್ಸೆಲ್ ತಾನೇ ‘ಯೆಸ್’ ಎಂದುಕೊಂಡು ಹಳೆಯ ಕಡತದ ಮೇಲೆ ಹೊಸದನ್ನು ಬರೆಯುತ್ತದೆ. ಮ್ಯಾಕ್ರೋ ಮುಗಿದಾಗ ಅದು ತಾನಾಗಿಯೇ ‘ಟ್ರೂ’ ಆಗುತ್ತದೆ ನಿಜ. ಆದರೆ ನಡುವೆ ಹಾಳೆ ಅಳಿಸುವ ಎಚ್ಚರಿಕೆಯೂ ಸೇರಿದಂತೆ ಉಳಿದೆಲ್ಲ ಪ್ರಶ್ನೆಗಳೂ ಮೌನವಾಗುವುದರಿಂದ, ಮ್ಯಾಕ್ರೋದ ಮೊದಲ ಸಾಲಿನಲ್ಲೇ ಇದನ್ನು ಹಾಕಿ ಮರೆತುಬಿಡುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಅದೇ ಕಡತವನ್ನು ಬೇರೆ ಯಾರಾದರೂ ತೆರೆದಿಟ್ಟಿದ್ದರೆ ಈ ಸಾಲಿನಿಂದ ಪ್ರಯೋಜನವಿಲ್ಲ, ದೋಷ ಬಂದೇ ಬರುತ್ತದೆ. ‘ಕಾನ್‌ಫ್ಲಿಕ್ಟ್‌ರೆಸಲ್ಯೂಶನ್’ ಎಂಬುದನ್ನು ಬಳಸಲು ಕೆಲವರು ಹೇಳುತ್ತಾರೆ. ಅದು ಹಲವರು ಹಂಚಿಕೊಂಡು ತಿದ್ದುವ ಕಡತಗಳಿಗೆ ಸಂಬಂಧಿಸಿದ್ದು, ಇಲ್ಲಿ ಕೆಲಸಕ್ಕೆ ಬಾರದು.

ಬಂದರು ರಸ್ತೆ:
ಕದ್ರಿಯವರು ಹೇಳಿದ ಸಾಲು ಸರಿಯೇ, ಆದರೆ ಅದನ್ನು ಇಂದೇ ಹಾಕಬೇಡಿ. ಖಾಲಿ ಫೋಲ್ಡರಿನಲ್ಲಿ ‘ಈಗಾಗಲೇ ಇದೆ’ ಎಂದು ಎಕ್ಸೆಲ್ ಹೇಳಬೇಕಾದರೆ, ಅದೇ ಹೆಸರಿನ ಕಡತವನ್ನು ನಿಮ್ಮ ಮ್ಯಾಕ್ರೋ ಕೆಲವು ಕ್ಷಣಗಳ ಹಿಂದಷ್ಟೇ ಬರೆದಿರಬೇಕು. ಅಂದರೆ ನಿಮ್ಮ ಪಟ್ಟಿಯಲ್ಲಿ ಒಂದೇ ಹೆಸರಿನ ಎರಡು ಬೋಟುಗಳಿರಬಹುದು. ಫೋಲ್ಡರಿನಲ್ಲಿರುವ ಕಡತಗಳನ್ನು ಎಣಿಸಿ ನೋಡಿ. ಕಡತದ ಹೆಸರಿಗೆ ಬೋಟಿನ ನೋಂದಣಿ ಸಂಖ್ಯೆಯನ್ನೂ ಸೇರಿಸಿದ ಮೇಲೆ ಎಚ್ಚರಿಕೆಯನ್ನು ಧೈರ್ಯವಾಗಿ ಮುಚ್ಚಬಹುದು.

ಮಲ್ಪೆಯ ಲೆಕ್ಕಿಗ:
ಎಣಿಸಿದೆ, 45 ಇವೆ. ‘ಮತ್ಸ್ಯಲಕ್ಷ್ಮಿ’ ಎಂಬ ಹೆಸರಿನ ಬೋಟು ಎರಡಿವೆ, ಒಂದು ಟ್ರಾಲ್ ಬಲೆಯದ್ದು, ಇನ್ನೊಂದು ಪರ್ಸೀನ್ ಬಲೆಯದ್ದು. ಕಳೆದ ಮೂರು ತಿಂಗಳು ಟ್ರಾಲಿನವರ ಲೆಕ್ಕದ ಮೇಲೆ ಪರ್ಸೀನಿನವರದ್ದನ್ನು ನಾನೇ ‘ಯೆಸ್’ ಒತ್ತಿ ಬರೆಸುತ್ತಾ ಬಂದಿದ್ದೇನೆ. ‘ನಮ್ಮ ಬಾಕಿ ಚೀಟಿ ಬರುವುದೇ ಇಲ್ಲವಲ್ಲ ಮಾರಾಯರೇ’ ಎಂದು ಆ ಮಾಲಕರು ಎರಡು ಸಲ ಕೇಳಿದ್ದರು. ಕಳಿಸಿದ್ದೇನೆ ಎಂದೇ ನಾನು ವಾದಿಸಿದ್ದೆ. ಈಗ ನೋಂದಣಿ ಸಂಖ್ಯೆ ಸೇರಿಸಿದ್ದೇನೆ. ಎಚ್ಚರಿಕೆ ಮುಚ್ಚುವ ಸಾಲನ್ನು ಇಂದು ಹಾಕಿಲ್ಲ. ಮುಂದಿನ ತಿಂಗಳ 1ರಂದು ಖಾಲಿ ಫೋಲ್ಡರಿನಲ್ಲಿ ಒಂದೂ ಪ್ರಶ್ನೆ ಬಾರದೆ 46 ಕಡತಗಳಾದರೆ ಆಗ ಹಾಕುತ್ತೇನೆ. ನಾಳೆ ಬೆಳಿಗ್ಗೆ ಮೊದಲು ಆ ಮಾಲಕರಿಗೆ ಫೋನ್ ಮಾಡಬೇಕು.