ಓದುಗರ ಸ್ಪಂದನ: ಮಾರುವ ಮನೆಯನ್ನು ಸಿಂಗರಿಸಬೇಕೇ?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಸಮಸ್ಯೆಯನ್ನು ಹೇಳಿಕೊಂಡಿದ್ದರು. ತಾಯಿ ತೀರಿಕೊಂಡ ಬಳಿಕ ಅವರಿದ್ದ ಮನೆಯನ್ನು ಮಾರಲು ಈ ಓದುಗರೂ ಅವರ ತಮ್ಮನೂ ತೀರ್ಮಾನಿಸಿದ್ದಾರೆ. ನಾಲ್ಕು ತಿಂಗಳಿಂದ ಮನೆಯಲ್ಲಿ ಯಾರೂ ವಾಸವಿಲ್ಲ. ಸಾಮಾನುಗಳು ಮಾತ್ರ ಇದ್ದ ಹಾಗೆಯೇ ಇವೆ. ನೋಡಿ ಹೋದವರು ಹಲವರಾದರೂ ಎರಡನೆಯ ಸಲ ಬಂದವರಿಲ್ಲ. ಹೋಮ್ ಸ್ಟೇಜಿಂಗ್, ಅಂದರೆ ಮಾರಾಟಕ್ಕಿರುವ ಮನೆಯನ್ನು ಕೊಳ್ಳುವವರಿಗೆ ಹಿಡಿಸುವಂತೆ ಸಿಂಗರಿಸುವ ಕೆಲಸ, ಮಾಡುವ ವೃತ್ತಿಪರರನ್ನು ಕರೆಸಿ ಮನೆಯನ್ನು ಅಣಿಗೊಳಿಸಬೇಕೆಂದು ಮಧ್ಯವರ್ತಿ ಸಲಹೆ ನೀಡಿದ್ದಾರೆ. ತಮ್ಮನಿಗೆ ಅದು ದಂಡದ ಖರ್ಚೆನ್ನಿಸಿದೆ; ಹಾಗೆ ಮಾಡಿಸಿದರೆ ಬೆಲೆ ಏರುತ್ತದೆ ಎಂಬುದಕ್ಕೆ ಆಧಾರವೇನೆಂದು ಅವರು ಕೇಳುತ್ತಾರೆ. ತಾಯಿ ಕೂರುತ್ತಿದ್ದ ಕುರ್ಚಿಯನ್ನು ತೆಗೆಸಿ ಅಲ್ಲಿ ಯಾರದೋ ಬಾಡಿಗೆ ಸೋಫಾ ಇಡಿಸುವುದಕ್ಕೆ ಅಕ್ಕನ ಮನಸ್ಸು ಒಪ್ಪುತ್ತಿಲ್ಲ. ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಕೊಟ್ಟಿದ್ದೇವೆ.

ಕುರ್ಚಿಯ ಮಾತು ಮೊದಲು

ಅಕ್ಕಾ, ನಿಮ್ಮ ಪತ್ರದಲ್ಲಿ ಖರ್ಚಿನ ಲೆಕ್ಕಕ್ಕಿಂತ ತಾಯಿಯವರ ಕುರ್ಚಿಗೇ ಹೆಚ್ಚು ಸಾಲುಗಳು ಸಂದಿವೆ. ಆದ್ದರಿಂದ ನಾನೂ ಅಲ್ಲಿಂದಲೇ ಆರಂಭಿಸುತ್ತೇನೆ. ನಾನು ನನ್ನ ತಂದೆಯವರ ಮನೆಯನ್ನು ಮಾರಿದಾಗ ಮಾಡಿದ ದೊಡ್ಡ ತಪ್ಪೆಂದರೆ, ಅವರ ಸಾಮಾನುಗಳನ್ನು ವಿಲೇವಾರಿ ಮಾಡುವ ಕೆಲಸವನ್ನೂ ಮನೆಯನ್ನು ಗಿರಾಕಿಗಳಿಗೆ ಅಣಿಗೊಳಿಸುವ ಕೆಲಸವನ್ನೂ ಒಂದೇ ವಾರದಲ್ಲಿ ಮುಗಿಸಲು ಹೊರಟದ್ದು. ಸ್ಟೇಜಿಂಗ್ ಮಾಡುವ ವೃತ್ತಿಪರರು ಕೈಯಲ್ಲಿ ಪಟ್ಟಿ ಹಿಡಿದುಕೊಂಡು ಬಂದು, ಅಪ್ಪನ ಪುಸ್ತಕದ ಕಪಾಟಿನ ಮುಂದೆ ನಿಂತು, ಇದನ್ನು ಇಂದೇ ತೆಗೆಸಿ ಎಂದಾಗ ನಾನು ಅವರ ಮೇಲೆ ರೇಗಿಬಿಟ್ಟೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಏಕೆಂದರೆ ಆ ಕಪಾಟು ಅರ್ಧ ಕಿಟಕಿಯನ್ನು ಮುಚ್ಚಿಕೊಂಡಿತ್ತು. ಆದರೆ ಆ ಮಾತನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕೊನೆಗೆ ಎಲ್ಲವನ್ನೂ ನಿಲ್ಲಿಸಿ ಹದಿನೈದು ದಿನ ತಡೆದೆವು. ಒಡಹುಟ್ಟಿದವರು ಮಾತ್ರ ಸೇರಿ ಪ್ರತಿಯೊಂದು ಕೋಣೆಯನ್ನೂ ಅದು ಇದ್ದ ಹಾಗೆಯೇ ಫೋಟೊ ತೆಗೆದುಕೊಂಡೆವು. ಯಾರಿಗೆ ಯಾವ ವಸ್ತು ಬೇಕೆಂದು ಮಾತಾಡಿಕೊಂಡು ಹಂಚಿಕೊಂಡೆವು. ಉಳಿದದ್ದನ್ನು ಉಪಯೋಗಿಸಿಕೊಳ್ಳುವವರಿಗೆ ಕೊಟ್ಟೆವು. ಆ ಬಳಿಕ ಅದೇ ವೃತ್ತಿಪರರನ್ನು ಮತ್ತೆ ಕರೆಸಿದಾಗ ಅವರ ಒಂದು ಮಾತೂ ನನ್ನನ್ನು ನೋಯಿಸಲಿಲ್ಲ. ನೀವೂ ಆ ಕುರ್ಚಿಯನ್ನು ಮೊದಲು ನಿಮ್ಮ ಮನೆಗೆ ತಂದಿಟ್ಟುಕೊಳ್ಳಿ. ಆಮೇಲೆ ಸ್ಟೇಜಿಂಗ್ ಬೇಕೋ ಬೇಡವೋ ಎಂದು ತಮ್ಮನ ಜೊತೆ ಕುಳಿತು ಯೋಚಿಸಿ.

ನಾವು ಬಾಡಿಗೆ ಸಾಮಾನು ತರಿಸಲಿಲ್ಲ. ವೃತ್ತಿಪರರು ಎರಡು ಗಂಟೆ ಮನೆಯನ್ನೆಲ್ಲ ಸುತ್ತಿ, ಏನೇನು ಬದಲಿಸಬೇಕೆಂದು ಬರೆದುಕೊಟ್ಟರು. ಆ ಸಲಹೆಗಷ್ಟೇ ಹಣ ಕೊಟ್ಟು, ಕೆಲಸವನ್ನು ನಾವೇ ಮಾಡಿಕೊಂಡೆವು. ಬಹಳ ದಿನ ಮುಚ್ಚಿದ ಮನೆಯ ಮುಗ್ಗಲು ವಾಸನೆ ಅವರಿಗೆ ಬಾಗಿಲಲ್ಲೇ ಗೊತ್ತಾಯಿತು. ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದ ನಮಗೆ ಅದು ಅಭ್ಯಾಸವಾಗಿ ಹೋಗಿತ್ತು. ಒಂದೊಂದು ಕೋಣೆಯಲ್ಲಿ ಒಂದೊಂದು ಬಣ್ಣದ ಬೆಳಕಿನ ಬಲ್ಬ್ ಇದ್ದದ್ದು, ದಪ್ಪ ಪರದೆಗಳು ಬೆಳಕನ್ನು ತಡೆಯುತ್ತಿದ್ದದ್ದು, ಮಲಗುವ ಕೋಣೆಯ ಮಂಚ ಬಾಗಿಲು ಪೂರ್ತಿ ತೆರೆಯಲು ಬಿಡದೆ ಇದ್ದದ್ದು, ಇವೆಲ್ಲ ಆ ಪಟ್ಟಿಯಲ್ಲಿದ್ದವು. ನೋಡಲು ಬರುವವರು ಕಪಾಟುಗಳನ್ನು ತೆರೆದೇ ತೆರೆಯುತ್ತಾರೆ, ಆದ್ದರಿಂದ ಅವು ಅರ್ಧ ಖಾಲಿಯಿರಲಿ, ತುಂಬಿ ತುಳುಕುವ ಕಪಾಟು ಈ ಮನೆಯಲ್ಲಿ ಜಾಗ ಸಾಲದೆಂದು ತಾನೇ ಹೇಳುತ್ತದೆ ಎಂದೂ ಬರೆದಿದ್ದರು. ಮನೆ ಎರಡು ತಿಂಗಳಲ್ಲಿ ಮಾರಾಟವಾಯಿತು. ಅದು ಪಟ್ಟಿಯ ಫಲವೋ ನಾವು ಕೇಳಿದ ಬೆಲೆ ನ್ಯಾಯವಾಗಿದ್ದುದರ ಫಲವೋ ಎಂದು ಬಿಡಿಸಿ ಹೇಳಲು ನನಗೆ ಸಾಧ್ಯವಿಲ್ಲವಾದರೂ, ಆ ಸಲಹೆಗೆ ಕೊಟ್ಟ ಹಣದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

— ತಂದೆಯ ಮನೆಯನ್ನು ಮಾರಿದ ಓದುಗರು

ತಮ್ಮನವರ ಲೆಕ್ಕಕ್ಕೆ ಒಂದು ಸೇರ್ಪಡೆ

ಸ್ಟೇಜಿಂಗ್ ಮಾಡಿಸಿದರೆ ಬೆಲೆ ಏರುತ್ತದೆ ಎಂಬ ಮಾತಿಗೆ ಆಧಾರವೇನೆಂದು ತಮ್ಮನವರು ಕೇಳಿರುವುದು ನ್ಯಾಯವಾದ ಪ್ರಶ್ನೆ. ಸಂಖ್ಯಾಶಾಸ್ತ್ರವನ್ನು ಕಲಿಸುವ ವೃತ್ತಿಯಲ್ಲಿರುವ ನನಗೆ, ಈ ವಿಷಯದಲ್ಲಿ ಹರಿದಾಡುವ ಅಂಕಿಗಳಲ್ಲಿ ಹೆಚ್ಚಿನವನ್ನು ಹಾಗೆಯೇ ನಂಬಲಾಗದು ಅನ್ನಿಸುತ್ತದೆ. ಸಿಂಗರಿಸಿದ ಮನೆಗಳು ಬೇಗ ಮಾರಾಟವಾದವು ಎಂದು ಹೇಳುವವರು, ಅಂಥ ಮನೆಗಳ ಮಾಲೀಕರು ಸಾಮಾನ್ಯವಾಗಿ ದುರಸ್ತಿಯನ್ನೂ ಮಾಡಿಸಿರುತ್ತಾರೆ, ಒಳ್ಳೆಯ ಫೋಟೊಗಳನ್ನೂ ತೆಗೆಸಿರುತ್ತಾರೆ, ಅನುಭವಿ ಮಧ್ಯವರ್ತಿಯನ್ನೂ ಹಿಡಿದಿರುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಫಲ ಯಾವುದರಿಂದ ಬಂತೆಂದು ಹಾಗೆ ತಿಳಿಯುವುದಿಲ್ಲ.

ಅಮೆರಿಕದ ಮನೆ ಮಾರಾಟದ ಏಜೆಂಟರ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೊಳ್ಳುವವರ ಪರವಾಗಿ ಕೆಲಸ ಮಾಡುವ ಏಜೆಂಟರಲ್ಲಿ ಶೇ 81ರಷ್ಟು ಮಂದಿ, ಸಿಂಗರಿಸಿದ ಮನೆಯನ್ನು ಗಿರಾಕಿಗಳು ತಮ್ಮ ಮುಂದಿನ ಮನೆಯಾಗಿ ಊಹಿಸಿಕೊಳ್ಳುವುದು ಸುಲಭವಾಗುತ್ತದೆ ಎಂದಿದ್ದರು. ಅದೇ ವರದಿಯಲ್ಲಿ, ಕೊಳ್ಳುವವರು ಮುಂದಿಟ್ಟ ಬೆಲೆ ಶೇ 1ರಿಂದ 5ರಷ್ಟು ಹೆಚ್ಚಾಯಿತು ಎಂದವರು ಶೇ 20 ಮಂದಿ ಮಾತ್ರ. ಇವೆರಡೂ ಏಜೆಂಟರ ಅಭಿಪ್ರಾಯಗಳು, ಅಳೆದು ನೋಡಿದ ಬೆಲೆಗಳಲ್ಲ ಎಂಬುದನ್ನೂ ನೆನಪಿಡಬೇಕು. ಅಳೆದು ನೋಡಿದವರೂ ಇದ್ದಾರೆ. ಮಾರ್ಕ್ ಲೇನ್, ಮೈಕೇಲ್ ಸೈಲರ್ ಮತ್ತು ವಿಕಿ ಸೈಲರ್ ಎಂಬ ಸಂಶೋಧಕರು 820 ಮಂದಿಗೆ ಒಂದೇ ಮನೆಯ ವಿಡಿಯೊವನ್ನು ಬೇರೆ ಬೇರೆ ರೂಪಗಳಲ್ಲಿ ತೋರಿಸಿದರು. ಕೆಲವರು ತಿಳಿಬಣ್ಣದ ಗೋಡೆಗಳನ್ನು ಕಂಡರೆ ಕೆಲವರು ಕಣ್ಣಿಗೆ ಹಿತವಲ್ಲದ ನೇರಳೆ ಗೋಡೆಗಳನ್ನು ಕಂಡರು. ಕೆಲವರಿಗೆ ಒಳ್ಳೆಯ ಪೀಠೋಪಕರಣ, ಕೆಲವರಿಗೆ ಕಳಪೆಯವು, ಇನ್ನು ಕೆಲವರಿಗೆ ಬರಿದಾದ ಕೋಣೆಗಳು. 2015ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಮನೆಯ ಬಗೆಗಿನ ಒಟ್ಟು ಅಭಿಪ್ರಾಯವೂ ಅದು ವಾಸಕ್ಕೆ ಹಿತವೆಂಬ ಭಾವನೆಯೂ ಇವುಗಳಿಂದ ಬದಲಾದವು, ಆದರೆ ಕೊಡಲು ಒಪ್ಪುವ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ.

ಹಾಗಾದರೆ ತಮ್ಮನವರೇ ಸರಿ ಎಂದು ಮುಗಿಸಿಬಿಡಬಹುದಿತ್ತು. ಆದರೆ ನಿಮ್ಮ ಸಮಸ್ಯೆ ಬೆಲೆ ಕಡಿಮೆ ಬರುತ್ತಿದೆ ಎಂಬುದಲ್ಲ. ಬಂದವರು ಮತ್ತೆ ಬರುತ್ತಿಲ್ಲ ಎಂಬುದು. ಮನೆ ಮಾರಾಟವಾಗದೆ ಉಳಿದ ಪ್ರತಿ ತಿಂಗಳೂ ತೆರಿಗೆ, ನಿರ್ವಹಣೆ, ವಿದ್ಯುತ್ತು, ಕಾವಲು, ಸಾಲವಿದ್ದರೆ ಅದರ ಬಡ್ಡಿ ಇವೆಲ್ಲ ಸೇರಿ ಒಂದು ಮೊತ್ತ ಖರ್ಚಾಗುತ್ತಲೇ ಇರುತ್ತದೆ. ಆ ಮೊತ್ತವನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಮನೆ ಬಹಳ ದಿನ ಮಾರುಕಟ್ಟೆಯಲ್ಲಿದ್ದರೆ ಕೊನೆಗೆ ಎಷ್ಟು ಬೆಲೆ ಇಳಿಸಬೇಕಾದೀತೆಂದು ಮಧ್ಯವರ್ತಿಯನ್ನು ಕೇಳಿ, ಅದನ್ನೂ ಪಕ್ಕದಲ್ಲಿ ಬರೆಯಿರಿ. ಸ್ಟೇಜಿಂಗಿನ ಖರ್ಚನ್ನು ಹೋಲಿಸಬೇಕಾದದ್ದು ಈ ಎರಡು ಮೊತ್ತಗಳ ಜೊತೆಗೆ. ಬರಲಿದೆ ಎಂದು ಯಾರೋ ಹೇಳಿದ ಹೆಚ್ಚಿನ ಬೆಲೆಯ ಜೊತೆಗಲ್ಲ. ಒಂದೆರಡು ತಿಂಗಳ ಖರ್ಚಿನಷ್ಟರಲ್ಲೇ ಆ ಕೆಲಸ ಮುಗಿಯುವುದಾದರೆ ಮಾಡಿಸಬಹುದು. ಅದಕ್ಕೂ ಬಹಳ ಮೀರುವುದಾದರೆ ಕೇಳುವ ಬೆಲೆಯನ್ನೇ ಮೊದಲು ಮರುಪರಿಶೀಲಿಸುವುದು ಒಳ್ಳೆಯದು, ಏಕೆಂದರೆ ಬೆಲೆ ಹೆಚ್ಚಿಟ್ಟ ಮನೆಯನ್ನು ಯಾವ ಸೋಫಾವೂ ಮಾರಿಕೊಡಲಾರದು.

— ಸಂಖ್ಯಾಶಾಸ್ತ್ರದ ಅಧ್ಯಾಪಕರು

ಕೊಂಡವರ ಕಡೆಯಿಂದ

ಒಂದು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಮನೆಗಳನ್ನು ನೋಡಿ, ಕೊನೆಗೊಂದನ್ನು ಕೊಂಡವನು ನಾನು. ಸಿಂಗರಿಸಿದ ಮನೆಗಳಲ್ಲಿ ಒಂದು ನನ್ನ ನೆನಪಿನಲ್ಲಿ ಉಳಿದಿದೆ. ಅಲ್ಲಿನ ಹಜಾರಕ್ಕೆ ಹೊಸ ಜಮಖಾನ ಹಾಸಿದ್ದರು. ನನ್ನ ಹೆಂಡತಿ ಅದರ ಅಂಚನ್ನು ಎತ್ತಿ ನೋಡಿದಾಗ ಕೆಳಗೆ ನೆಲದ ಹಾಸು ಉದ್ದಕ್ಕೂ ಬಿರುಕು ಬಿಟ್ಟಿತ್ತು. ಅದನ್ನು ಮೊದಲೇ ಹೇಳಿದ್ದರೆ ದುರಸ್ತಿಯ ಖರ್ಚನ್ನು ಕಳೆದು ನಾವು ಮಾತುಕತೆಗೆ ಕೂರುತ್ತಿದ್ದೆವು. ಮುಚ್ಚಿಟ್ಟದ್ದನ್ನು ಕಂಡಮೇಲೆ, ಆ ಚೆಂದದ ಕಪಾಟಿನ ಹಿಂದೆ ತೇವವಿರಬಹುದೇ, ಹೊಸ ಬಣ್ಣದ ಅಡಿಯಲ್ಲಿ ಇನ್ನೇನಿದೆಯೋ ಎಂಬ ಅನುಮಾನ ಇಡೀ ಮನೆಗೆ ಹಬ್ಬಿತು. ಹತ್ತು ನಿಮಿಷದೊಳಗೆ ಹೊರಟುಬಂದೆವು. ನಿಮ್ಮ ಮನೆಯಲ್ಲಿ ಸೋರುವ ನಲ್ಲಿ, ತೇವದ ಗೋಡೆ, ಸರಿಯಾಗಿ ಮುಚ್ಚದ ಬಾಗಿಲು ಇದ್ದರೆ ಹಣವನ್ನು ಮೊದಲು ಅವಕ್ಕೆ ಹಾಕಿ. ಸಾಧ್ಯವಾಗದೆ ಉಳಿದ ದೋಷಗಳನ್ನು ಬಾಯಿಬಿಟ್ಟು ಹೇಳಿ.

— ಕಳೆದ ವರ್ಷ ಮನೆ ಕೊಂಡ ಓದುಗರು

ಮಾಡಿಸುವುದಾದರೆ ಹೀಗೆ ಮಾಡಿಸಿ

ಮನೆ ಮಾರಾಟದ ಮಧ್ಯವರ್ತಿಯಾಗಿ ಬಹಳ ವರ್ಷ ಕೆಲಸ ಮಾಡಿರುವ ನಾನು, ಎಲ್ಲ ಮನೆಗೂ ಸ್ಟೇಜಿಂಗ್ ಬೇಕೆಂದು ಹೇಳುವವಳಲ್ಲ. ಮಾರಾಟಕ್ಕಿರುವ ಮನೆಗಳು ಕಡಿಮೆಯಿದ್ದು ಕೊಳ್ಳುವವರು ಹೆಚ್ಚಿದ್ದಾಗ ಅದರ ಅಗತ್ಯ ಬೀಳುವುದಿಲ್ಲ. ಕೊಂಡವರು ಕೆಡವಿ ಹೊಸದಾಗಿ ಕಟ್ಟುವಂಥ ಹಳೆಯ ಮನೆಗೆ ಅದನ್ನು ಮಾಡಿಸುವುದು ವ್ಯರ್ಥ.

ಆದರೆ ಸಾಮಾನುಗಳನ್ನೆಲ್ಲ ತೆರವು ಮಾಡಿದ ಮೇಲೆ ನಿಮ್ಮ ಮನೆ ಪೂರ್ತಿ ಬರಿದಾಗುವುದಾದರೆ ನನ್ನ ಸಲಹೆ ಬೇರೆ. ಬರಿಯ ಕೋಣೆ ದೊಡ್ಡದಾಗಿ ಕಾಣುತ್ತದೆ ಎಂದು ಅನೇಕರು ಭಾವಿಸುತ್ತಾರೆ; ಅನುಭವದಲ್ಲಿ ಅದು ಹಾಗಲ್ಲ. ಅಳತೆಗೆ ಹೋಲಿಸಿ ನೋಡಲು ಮಂಚವೋ ಮೇಜೋ ಇಲ್ಲದಾಗ ಜನರಿಗೆ ಕೋಣೆಯ ಗಾತ್ರವೇ ತಿಳಿಯುವುದಿಲ್ಲ, ಕಣ್ಣು ಹೋಗುವುದು ಗೋಡೆಯ ಕಲೆ ಮತ್ತು ಮೊಳೆಯ ಗುರುತುಗಳ ಕಡೆಗೆ. ನಮ್ಮ ಮಂಚ ಇಲ್ಲಿ ಹಿಡಿಸುತ್ತದೆಯೇ ಎಂದು ಗಂಡ ಹೆಂಡತಿ ಪಿಸುಗುಟ್ಟಿಕೊಳ್ಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದು ಲೆಕ್ಕವಿಲ್ಲ. ಇಡೀ ಮನೆಯನ್ನು ತುಂಬಿಸುವ ಅಗತ್ಯವಂತೂ ಇಲ್ಲ. ಹಜಾರ, ದೊಡ್ಡ ಮಲಗುವ ಕೋಣೆ, ಅಡುಗೆಮನೆ ಇವಿಷ್ಟು ಅಣಿಯಾದರೆ ಸಾಕು. ಏನಕ್ಕೆಂದು ತಿಳಿಯದ ಇಕ್ಕಟ್ಟಿನ ಕೋಣೆಯೊಂದಿದ್ದರೆ ಅಲ್ಲಿ ಒಂದು ಮೇಜು ಕುರ್ಚಿ ಹಾಕಿ, ಓದುವುದಕ್ಕೋ ಕೆಲಸಕ್ಕೋ ಆಗುತ್ತದೆ ಎಂದು ತೋರಿಸಿಕೊಡಿ.

ಫೋಟೊಗಳನ್ನು ಇದೆಲ್ಲ ಮುಗಿದ ಮೇಲೆ, ಹಗಲು ಬೆಳಕಿನಲ್ಲಿ ತೆಗೆಸಿ. ಮನೆಯನ್ನು ಅಣಿಗೊಳಿಸಿ ಜಾಹೀರಾತಿನಲ್ಲಿ ಹಳೆಯ ಫೋಟೊಗಳನ್ನೇ ಉಳಿಸಿದವರನ್ನು ಕಂಡಿದ್ದೇನೆ. ಜನ ಮನೆಗೆ ಬರುವ ಮುನ್ನ ನೋಡುವುದು ಆ ಫೋಟೊಗಳನ್ನೇ. ಖಾಲಿ ಕೋಣೆಯ ಫೋಟೊಕ್ಕೆ ಕಂಪ್ಯೂಟರಿನಲ್ಲಿ ಪೀಠೋಪಕರಣ ಕೂರಿಸುವ ವರ್ಚುವಲ್ ಸ್ಟೇಜಿಂಗ್ ಅಗ್ಗವಾದರೂ, ಅದು ಹಾಗೆ ಮಾಡಿದ ಚಿತ್ರವೆಂದು ಅಲ್ಲಿಯೇ ಬರೆದು, ನಿಜವಾದ ಫೋಟೊವನ್ನೂ ಪಕ್ಕದಲ್ಲಿ ಕೊಡಬೇಕು. ಇಲ್ಲದಿದ್ದರೆ ಬಂದವರಿಗೆ ಬಾಗಿಲಲ್ಲೇ ನಿರಾಸೆಯಾಗುತ್ತದೆ. ಬಿರುಕು, ಕಲೆ, ಕಿಟಕಿಯಾಚೆಯ ವಿದ್ಯುತ್ ಕಂಬ ಇವನ್ನು ಚಿತ್ರದಿಂದ ಅಳಿಸಲು ಮಾತ್ರ ಯಾರಿಗೂ ಹೇಳಬೇಡಿ.

ಕರಾರಿನ ವಿಷಯದಲ್ಲಿ ನನ್ನ ಗಿರಾಕಿಯೊಬ್ಬರು ಪೆಟ್ಟು ತಿಂದಿದ್ದಾರೆ. ಬಾಡಿಗೆ ಸಾಮಾನುಗಳ ದರ ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿ, ಇಂತಿಷ್ಟು ತಿಂಗಳೆಂಬ ಕನಿಷ್ಠ ಅವಧಿಯೊಂದಿಗೆ ಇರುತ್ತದೆ. ಅವರ ಮನೆ ಆ ಅವಧಿಯೊಳಗೆ ಮಾರಾಟವಾಗಲಿಲ್ಲ, ಮುಂದುವರಿದ ತಿಂಗಳುಗಳಿಗೆ ಎಷ್ಟೆಂದು ಕಾಗದದಲ್ಲಿ ಇರಲಿಲ್ಲ, ಕೇಳಿದಷ್ಟು ಕೊಡಬೇಕಾಯಿತು. ಆದ್ದರಿಂದ ಕನಿಷ್ಠ ಅವಧಿ ಎಷ್ಟು, ವಿಸ್ತರಿಸಿದರೆ ತಿಂಗಳಿಗೆ ಎಷ್ಟು, ಬೇಗ ಮಾರಾಟವಾದರೆ ಉಳಿದ ಹಣ ಹಿಂದಿರುಗುತ್ತದೆಯೇ, ಸಾಗಣೆಯೂ ಕೊನೆಯಲ್ಲಿ ತೆರವು ಮಾಡುವ ಕೆಲಸವೂ ದರದಲ್ಲಿ ಸೇರಿವೆಯೇ, ನೋಡಲು ಬಂದವರಿಂದ ಸಾಮಾನಿಗೆ ಹಾನಿಯಾದರೆ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅವರು ಮೊದಲು ಮಾಡಿದ ಮನೆಗಳ ಫೋಟೊಗಳನ್ನೂ ಕೇಳಿ ನೋಡಿ. ಸಲಹೆ ಕೊಟ್ಟ ಮಧ್ಯವರ್ತಿಗೂ ಸ್ಟೇಜಿಂಗ್ ಮಾಡುವವರಿಗೂ ನಡುವೆ ಹಣದ ವ್ಯವಹಾರವಿದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಅದನ್ನು ಕೇಳುವ ಹಕ್ಕು ನಿಮಗಿದೆ.

ನೀವೂ ನಿಮ್ಮ ತಮ್ಮನೂ ಈ ಖರ್ಚನ್ನು ಹೇಗೆ ಹಂಚಿಕೊಳ್ಳುವಿರಿ, ಮಾರಾಟದ ಹಣದಲ್ಲಿ ಮುರಿದುಕೊಳ್ಳುವಿರೋ ಈಗಲೇ ಸಮನಾಗಿ ಹಾಕುವಿರೋ ಎಂಬುದನ್ನೂ ಸಹಿ ಹಾಕುವ ಮುನ್ನ ಬರೆದಿಟ್ಟುಕೊಳ್ಳಿ. ಮನೆ ನೋಡಲು ಜನ ಬರುವ ಹೊತ್ತಿಗೆ ನೀವಿಬ್ಬರೂ ಅಲ್ಲಿರಬೇಡಿ. ಮಾಲೀಕರು ಎದುರಿಗಿದ್ದರೆ ಬಂದವರು ಕಪಾಟು ತೆರೆಯಲು, ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಹಿಂಜರಿಯುತ್ತಾರೆ. ಕಿಟಕಿಗಳನ್ನು ಒಂದು ಗಂಟೆ ಮೊದಲೇ ತೆರೆದಿಟ್ಟು, ಬೀಗದ ಕೈಯನ್ನು ಮಧ್ಯವರ್ತಿಗೆ ಕೊಟ್ಟು ಹೊರಡಿ.

— ಮನೆ ಮಾರಾಟದ ಮಧ್ಯವರ್ತಿಯೊಬ್ಬರು